ಗೋಡೆಗೆ ತೂಗುಹಾಕಿದ ರೊಟ್ಟಿ

ಶಾಲೆ ಬಿಟ್ಟವನ ಮಾತೆಂದು ನಗುವವರು ನಗಲಿ. ಇದು ಮರ್ಗಿಲಾನ ಊರಿನ ನಮ್ಮ ಮನೆಯಲ್ಲೇ ನಡೆದದ್ದು. ಅಕ್ಕ ಮವ್ಲುದಾಳ ಹೃದಯದ ಆಪರೇಷನ್ನಿಗೆ ಹಣ ಎತ್ತುವ ದೂರದ ನಡಿಗೆಗೆಂದು ನಾನು, ಗೆಳೆಯರಾದ ಎಲ್ದೋರ್, ಜಸೂರ್ ಅಭ್ಯಾಸಕ್ಕೆ ಹೊರಟಿದ್ದೆವು. ಎಳ್ಳಿನ ರೊಟ್ಟಿಯನ್ನು ಕಚ್ಚಿ ಹೊರಟವರು ಅದನ್ನು ಮುಗಿಸಲು ಬಂದೇ ಬರುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ನಾವು ಮೂವರೂ ಕಚ್ಚಿಕೊಟ್ಟದ್ದನ್ನು ಅಜ್ಜಿ ಗೋಡೆಗೆ ತೂಗುಹಾಕಿದಳು.

"ನಿಮ್ಮಕ್ಕ ಕಚ್ಚದೇನೇ ಆಸ್ಪತ್ರೆಗೆ ಹೋದ್ಲಲ್ಲೋ."

"ಸುಮ್ನಿರಜ್ಜಿ," ಎಂದು ರೇಗಿದೆ.

ಸಂಜೆ ಕುಂಟುತ್ತ, ಹಾಡುತ್ತ ಮರಳಿದಾಗ ರೊಟ್ಟಿಯಲ್ಲಿ ಕಚ್ಚಿದ ನಾಲ್ಕನೆಯ ಗುರುತು ಇತ್ತು. ಮುಟ್ಟಿದರೆ ಅಲ್ಲಿ ಮಾತ್ರ ಬೆಚ್ಚಗೆ.

"ಕಳ್ಳ, ನೀನೇ ತಿಂದಿದ್ದು," ಎಂದು ಎಲ್ದೋರ್ ನನ್ನ ಕಿವಿ ಹಿಂಡಿದ.

ಅಷ್ಟರಲ್ಲಿ ತಾಷ್ಕೆಂಟಿನ ಆಸ್ಪತ್ರೆಯಿಂದ ಅಕ್ಕನ ಫೋನ್ ಬಂತು. "ಲೋ, ಇಲ್ಲಿ ಬರೀ ಗಂಜಿ ಕೊಡ್ತಾರೆ. ಹಲ್ಲಿನ ಸಂದೀಲಿ ಎಳ್ಳು ಎಲ್ಲಿಂದ ಬಂತೋ?"

ಅಜ್ಜಿ ನಕ್ಕಿದ್ದೇ ನಕ್ಕಿದ್ದು. ನಾವು ನಡೆದು ಹಣ ಎತ್ತಿದೆವು, ಆಪರೇಷನ್ನೂ ಆಯಿತು. ಅಕ್ಕ ನಾಳೆ ಬರುತ್ತಾಳೆ. ಗೋಡೆಯ ಮೇಲಿನ ರೊಟ್ಟಿಯಲ್ಲಿ ಅವಳು ಕಚ್ಚಿದ ಜಾಗ ಇನ್ನೂ ಬೆಚ್ಚಗಿದೆ.