ಕೊಂಬಿನ ದುಂಬಿಯ ತಗಡು

೧೬೫೪ರ ಮಾರ್ಚ್, ಸೋಮವಾರ ಬೆಳಗ್ಗೆ ಹಾರ್ಲೆಮ್ ನಗರದ ಠಾಣೆಗೆ ದೂರು ಬಂತು. ದೂರುದಾರ ಆಡ್ರಿಯಾನ್, ಚಿತ್ರ ಅಚ್ಚು ಹಾಕಿಸಿ ಮಾರುವವನು. ಕೊಂಬಿನ ದುಂಬಿಯನ್ನು ಕೊರೆದಿದ್ದ ತಾಮ್ರದ ತಗಡು ಅಚ್ಚುಮನೆಯಿಂದ ಕಳುವಾಗಿತ್ತು.

ಕೊತ್ವಾಲ ವೌಟರ್ ಪೇದೆ ಲೀನ್‌ನೊಡನೆ ಹೋಗಿ ಪಂಚನಾಮೆ ಬರೆಸಿದ. ಬೀಗ ಮುರಿದಿರಲಿಲ್ಲ. ಪಕ್ಕದಲ್ಲೇ ಇದ್ದ ದೊಡ್ಡ ತಗಡುಗಳನ್ನು ಕಳ್ಳ ಮುಟ್ಟಿರಲಿಲ್ಲ. ತಾಮ್ರದ ಆಸೆಗೆ ಬಂದವನಲ್ಲ ಇವನು ಎಂದುಕೊಂಡ ವೌಟರ್, ಆ ತಗಡನ್ನು ಏನು ಮಾಡುವವರಿದ್ದಿರಿ ಎಂದು ಕೇಳಿದ. ಹುಳವನ್ನು ಈಗ ಯಾರೂ ಕೊಳ್ಳುವುದಿಲ್ಲ, ಉಜ್ಜಿ ಅಳಿಸಿ ನಗರಾಧ್ಯಕ್ಷರ ಮುಖ ಕೊರೆಸುವವನಿದ್ದೆ ಎಂದ ಆಡ್ರಿಯಾನ್. ದುಂಬಿಯನ್ನು ಕೊರೆದವನು ತೀರಿಕೊಂಡು ವರ್ಷವಾಗಿತ್ತು.

ಅಂಗಡಿಯ ಕಿಟಕಿಯಲ್ಲಿ ಆ ತಗಡಿನ ಒಂದು ಅಚ್ಚು ಉಳಿದಿತ್ತು. ದುಂಬಿ ಮುಂಗಾಲೆತ್ತಿ ಬಲಕ್ಕೆ ಮುಖ ಮಾಡಿ ನಿಂತಿತ್ತು. ಕಾಲಿನ ಮುಳ್ಳು, ಬೆನ್ನಿನ ಹೊಳಪು, ಕೆಳಗೆ ಬಿದ್ದ ನೆರಳು, ಎಲ್ಲ ಬರೀ ಗೆರೆಗಳಲ್ಲೇ. ದಿನವೂ ಕಾಲಡಿ ಸಿಕ್ಕು ಸಾಯುವ ಹುಳಕ್ಕೆ ರಾಜನ ಗತ್ತು ಬಂದಿತ್ತು. ಲೀನ್ ಬೆರಳು ಚಾಚಿ ಹಿಂದಕ್ಕೆ ಎಳೆದುಕೊಂಡ.

"ಕಚ್ಚೋದಿಲ್ಲ ಮಾರಾಯ, ಕಾಗದ ಅದು," ಎಂದ ವೌಟರ್. ಅವನೂ ಮುಟ್ಟಲಿಲ್ಲ.

ಅಚ್ಚಿನವರನ್ನೆಲ್ಲ ವಿಚಾರಿಸಿದ್ದಾಯಿತು. ಕೊನೆಗೆ ಉಳಿದವನು ಟ್ಯೂನಿಸ್. ಹಳೆಯ ತಗಡುಗಳನ್ನು ಉಜ್ಜಿ ನುಣುಪು ಮಾಡಿಕೊಡುವುದು ಅವನ ಕಸುಬು. ಶನಿವಾರ ಬೇರೆ ತಗಡು ಒಯ್ಯಲು ಬಂದಿದ್ದೆ, ಇದನ್ನು ಕಂಡೇ ಇಲ್ಲ, ಕಿಟಕಿಯಲ್ಲಿ ಅಚ್ಚು ನೋಡಿದ್ದೆ ಅಷ್ಟೆ ಎಂದ.

"ಹೇಗಿತ್ತು?"

ಟ್ಯೂನಿಸ್‌ನ ಮುಖ ಅರಳಿತು. "ಎಡಕ್ಕೆ ತಿರುಗಿ ಮುಂಗಾಲು ಎತ್ತಿತ್ತು ಸ್ವಾಮಿ. ಉಸಿರು ತಾಗಿದ್ರೆ ಹಾರಿಹೋಗೋ ಹಾಗೆ."

"ಎಡಕ್ಕಾ?"

"ಹೂಂ, ಎಡಕ್ಕೇ."

ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದದ ಮೇಲೆ ಬಲಕ್ಕೆ ಬೀಳುತ್ತದೆ. ದುಂಬಿ ಎಡಕ್ಕೆ ನೋಡುವುದು ತಗಡಿನಲ್ಲಿ ಮಾತ್ರ. "ಕಿಟಕಿಯಲ್ಲಿರೋದು ಬಲಕ್ಕೆ ನೋಡುತ್ತೆ," ಎಂದ ವೌಟರ್. ಟ್ಯೂನಿಸ್‌ಗೂ ಹೊಳೆಯಿತು, ತಲೆ ತಗ್ಗಿಸಿದ.

ಟ್ಯೂನಿಸ್‌ನ ಮನೆಯಲ್ಲಿ, ಹಾಸಿಗೆಯ ಹುಲ್ಲಿನೊಳಗಿಂದ ಲೀನ್ ತಗಡನ್ನು ತೆಗೆದ. ಕಿಲುಬು ಹಿಡಿಯದಂತೆ ಕೊಬ್ಬು ಸವರಿ ಉಣ್ಣೆಯ ಬಟ್ಟೆ ಸುತ್ತಿತ್ತು.

"ಇವತ್ತು ಇದು ನನ್ನ ಕೈಗೇ ಬರೋದಿತ್ತು," ಎಂದ ಟ್ಯೂನಿಸ್. "ಅವರಿವರ ಚಿತ್ರ ಅಳಿಸ್ತಾನೇ ಮುದುಕ ಆದೆ. ಇದನ್ನ ಅಳಿಸೋಕೆ ಕೈ ಬರೋಲ್ಲ. ನಾ ಒಲ್ಲೆ ಅಂದ್ರೆ ಯಜಮಾನ್ರು ಇನ್ನೊಬ್ಬನ ಕೈಲಿ ಉಜ್ಜಿಸ್ತಿದ್ರು."

ದಸ್ತಗಿರಿಯಾಯಿತು. ಆಡ್ರಿಯಾನ್ ಸಂಜೆಯೇ ಬಂದು ತಗಡು ಕೇಳಿದ. ವೌಟರ್ ಅದಕ್ಕೆ ಅರಗಿನ ಮುದ್ರೆ ಒತ್ತುತ್ತಿದ್ದ.

"ಮುದ್ದೆಮಾಲು ಇದು. ಮೊಕದ್ದಮೆ ಮುಗಿಯೋ ತನಕ ಒಂದು ಗೆರೇನೂ ಅಳಿಸೋ ಹಾಗಿಲ್ಲ."

"ಮುಗಿಯೋದು ಯಾವಾಗ?"

"ನಮ್ಮ ನ್ಯಾಯಾಲಯ ನಿಮಗೆ ಗೊತ್ತಿಲ್ವೇ?"

ಕಂಬಿಯ ಹಿಂದೆ ಟ್ಯೂನಿಸ್ ಮೆಲ್ಲಗೆ ಕೆಮ್ಮಿದ. "ತೇವ ತಾಗದ ಕಡೆ ಇಡಿ ಸ್ವಾಮಿ."

ವೌಟರ್ ತಗಡನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ವರದಿಗೆ ಕೂತ. ಕಳವಿಗೆ ಕಾರಣ ಬರೆಯಬೇಕಾದಲ್ಲಿ ತುಸು ತಡೆದು, "ಮೆಚ್ಚಿದ್ದು" ಎಂದು ಬರೆದ.