ಹೊತ್ತುಕೊಳ್ಳದ ಹರಕೆ

“ಬಾಯಿ ತೆಗಿಯವ್ವ.”

ಕಲ್ಯಾಣದುರ್ಗದಿಂದ ಬಂದಿದ್ದ ಮುನೆಮ್ಮ ಬೆಲ್ಲದ ಚೂರು, ಒಣಕೊಬ್ಬರಿಯ ತುಂಡು ಎರಡನ್ನೂ ಬೆರಳ ತುದಿಯಲ್ಲಿ ಹಿಡಿದು ರಂಗಲಕ್ಷ್ಮಿಯ ತುಟಿಯ ಹತ್ತಿರ ತಂದಳು. ಹುಡುಗಿ ಒಪ್ಪಿಗೆಯಾದರೆ ಗಂಡಿನ ತಾಯಿ ಕೈಯಾರೆ ಅವಳ ಬಾಯಿ ಸಿಹಿ ಮಾಡುವುದು ಅವರ ಮನೆತನದ ಪದ್ಧತಿ. ಹುಡುಗಿ ತಿಂದಳೆಂದರೆ ಅವಳಿಗೂ ಒಪ್ಪಿಗೆ ಎಂದೇ ಅರ್ಥ.

ರಂಗಲಕ್ಷ್ಮಿ ಬಾಯಿ ತೆಗೆಯಲಿಲ್ಲ.

ಎದುರಿಗೆ ಚಾಪೆಯ ಮೇಲೆ ಕೂತಿದ್ದ ಮುನೆಮ್ಮನ ಮಗ ಉಜ್ಜಿನಪ್ಪ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ. ಅವಳೂ ನೋಡಿದಳು. ಆ ಒಂದು ಕ್ಷಣ ಇಬ್ಬರಿಗೂ ಕಣ್ಣು ಕೀಳಲಾಗಲಿಲ್ಲ.

‘ತಿಂದುಬಿಡು... ಏನಾದರೂ ಆಗಲಿ, ತಿಂದುಬಿಡು!’ ಎಂದಿತು ಅವಳ ಮನಸ್ಸು.

‘ಸುಮ್ಮನಿರು’ ಎಂದಿತು ಗಂಟಲು.

ಗಂಟಲಿಗೂ ಒಂದು ಕಾರಣವಿತ್ತು. ಆರು ದಿನದ ಹಿಂದೆ, ಶನಿವಾರ, ಹಿಂದೂಪುರದ ಆಸ್ಪತ್ರೆಯಲ್ಲಿ ಅವಳಿಗೆ ಟಾನ್ಸಿಲ್ ಆಪರೇಷನ್ ಆಗಿತ್ತು. ಇಪ್ಪತ್ತೊಂದು ವರ್ಷದ ಹುಡುಗಿ, ತಿಂಗಳಿಗೊಂದು ಸಲ ಗಂಟಲು ಬಾತು ಜ್ವರ ಬಂದು ಮಲಗುತ್ತಿದ್ದಳು. ಇಸವಿ ಎಂಬತ್ತಾರರ ಆ ಬೇಸಿಗೆಯಲ್ಲಿ ಡಾಕ್ಟರು ತೆಗೆದೇ ಬಿಡೋಣ ಎಂದರು. ಮಕ್ಕಳಾದರೆ ನಾಲ್ಕು ದಿನಕ್ಕೆ ಎದ್ದು ಓಡಾಡುತ್ತವೆ, ದೊಡ್ಡವರಿಗೆ ನೋವು ಜಾಸ್ತಿ, ಗಟ್ಟಿ ಪದಾರ್ಥ ಏನಾದರೂ ಕೆರೆದರೆ ರಕ್ತ ಬರುತ್ತದೆ ಎಂದು ಎಚ್ಚರಿಸಿದ್ದರು. “ಪದಿ ರೋಜುಲು ಮಾಟ್ಲಾಡೊದ್ದಮ್ಮಾ” ಎಂದು ಹತ್ತೂ ಬೆರಳನ್ನು ಅವಳ ಮುಖದ ಮುಂದೆ ಹಿಡಿದು ತೋರಿಸಿದ್ದರು.

ಹತ್ತು ದಿನ ಮಾತಿಲ್ಲ! ಮನೆಯಲ್ಲಿ ಹೆಂಗಸರ ರವಿಕೆ ಹೊಲಿಯುತ್ತಾ, ಅಳತೆ ಕೊಡಲು ಬಂದವರನ್ನು ಒಂದು ಗಂಟೆ ಮಾತಿನಲ್ಲೇ ಕೂರಿಸಿಕೊಳ್ಳುತ್ತಿದ್ದ ರಂಗಲಕ್ಷ್ಮಿಗೆ! ಕತ್ತರಿ ಹಾಕಿದ್ದಕ್ಕಿಂತ ಅದೇ ದೊಡ್ಡ ಶಿಕ್ಷೆಯಾಗಿತ್ತು. ಬೇಕಾದ್ದನ್ನೆಲ್ಲ ಹಳೆಯ ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಎಂಜಲು ನುಂಗಿದರೂ ನೋವು ಕಿವಿಯವರೆಗೆ ಏರುತ್ತಿತ್ತು. ಡಾಕ್ಟರು ಐಸ್ ಚೀಪಲಿ ಎಂದಿದ್ದರೆ, ಹಸಿ ಮೈಗೆ ತಣ್ಣಗಿನದು ಕೊಟ್ಟರೆ ಸನ್ನಿಯಾಗುತ್ತದೆ ಎಂದು ಅವಳ ದೊಡ್ಡಮ್ಮ ಮೆಣಸಿನ ಸಾರು ಹಿಡಿದು ನಿಂತಿದ್ದಳು. ಇವರಿಬ್ಬರ ಜಗಳದಲ್ಲಿ ರಂಗಲಕ್ಷ್ಮಿಗೆ ದಕ್ಕಿದ್ದು ಆರಿದ ಗಂಜಿ ಮಾತ್ರ.

ಹೆಣ್ಣು ನೋಡುವ ಶುಕ್ರವಾರ ಮೊದಲೇ ನಿಶ್ಚಯವಾಗಿತ್ತು. ಮುಂದಕ್ಕೆ ಹಾಕಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ಕುತ್ತಿಗೆ ಕುಯ್ಸಿಕೊಂಡ ಹುಡುಗಿ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ನಾಳೆ ಮಾತೇ ಬರದೆ ಹೋದರೆ ಯಾರು ಕಟ್ಟಿಕೊಳ್ಳುತ್ತಾರೆ ಎನ್ನುವುದು ತಾಯಿ ಚಿನ್ನಕ್ಕನ ದಿಗಿಲು. ಆದ್ದರಿಂದ ಆಪರೇಷನ್ ಸುದ್ದಿಯನ್ನು ಮುಚ್ಚಿಟ್ಟು, ಮಗಳು ತಲೆ ತಗ್ಗಿಸಿ ಕೂತರೆ ನಾಚಿಕೆ ಅಂದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ್ದಳು.

ಮೊದಲರ್ಧ ಹಾಗೆಯೇ ನಡೆಯಿತು. ಹುಡುಗಿ ಎಷ್ಟು ಗಂಭೀರ ಎಂದು ಮುನೆಮ್ಮ ಮೆಚ್ಚಿಕೊಂಡಳು. ರಂಗಲಕ್ಷ್ಮಿ ಕಾಫಿ ತಟ್ಟೆ ತಂದಾಗ ಅದರ ಮೇಲಿನ ಲೋಟಗಳು ಒಂದು ಕಡೆಗೆ ಜಾರಿದ್ದು ಕಂಡು ಉಜ್ಜಿನಪ್ಪ ಎದ್ದು ಬಂದು ತಟ್ಟೆಯನ್ನೇ ತೆಗೆದುಕೊಂಡು ತಾನೇ ಎಲ್ಲರಿಗೂ ಲೋಟ ಹಂಚಿದ. ಸಂಬಂಧ ತಂದ ಕೇಶವಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಉಜ್ಜಿನಪ್ಪನೂ ನಕ್ಕ, ಆದರೆ ತಟ್ಟೆ ಕೆಳಗಿಡಲಿಲ್ಲ.

ಅಷ್ಟೇ. ಅಷ್ಟಕ್ಕೇ ರಂಗಲಕ್ಷ್ಮಿಯ ಮನಸ್ಸು ಸೋತುಹೋಗಿತ್ತು...

ಈಗ ಬೆಲ್ಲ, ಕೊಬ್ಬರಿ. ಕೊಬ್ಬರಿಯ ಒಂದು ಎಳೆ ತಗುಲಿದರೂ ಗಾಯ ಕಿತ್ತು ಎಲ್ಲರ ಮುಂದೆ ರಕ್ತ ಕಾರಬೇಕಾಗುತ್ತದೆ. ಮುನೆಮ್ಮ ಮತ್ತೊಮ್ಮೆ ಕೈ ಮುಂದೆ ಮಾಡಿದಾಗ ರಂಗಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ತುಂಬಿತು.

ಮುನೆಮ್ಮನ ಮುಖ ಬಾಡಿತು. ಚಿನ್ನಕ್ಕ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

“ಹರಕೆ ಐತೆ ಕಣವ್ವ ಅವ್ಳಿಗೆ. ಮಾತೂ ಬಿಟ್ಟವ್ಳೆ, ಸಿಹಿನೂ ಬಿಟ್ಟವ್ಳೆ.”

“ಯಾತಕ್ಕೆ ಹೊತ್ತವ್ಳೆ?”

“ಒಳ್ಳೆ ಗಂಡ ಸಿಗ್ಲಿ ಅಂತ...”

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಚಿನ್ನಕ್ಕನಿಗೆ ಹೊಳೆಯಿತು. ಆದರೆ ಆಡಿದ ಮಾತು ಆಗಲೇ ಚಾಪೆಯ ತುದಿಯಲ್ಲಿ ಕೂತವರಿಗೂ ಮುಟ್ಟಿತ್ತು.

ಆ ಸೀಮೆಯಲ್ಲಿ ಯಾರಿಗಾದರೂ ಗೊತ್ತು. ಗಂಡನಿಗಾಗಿ ಹರಕೆ ಹೊತ್ತ ಹೆಣ್ಣು, ಬಯಸಿದವನು ಎದುರಿಗೆ ಬಂದ ದಿನವೇ ಹರಕೆ ಬಿಡುತ್ತಾಳೆ. ಬೆಲ್ಲ ಬಾಯಿಯ ಹತ್ತಿರ ಬಂದರೂ ಬಿಡಲಿಲ್ಲವೆಂದರೆ? ಬಂದವನು ಅವನಲ್ಲ!

ಉಜ್ಜಿನಪ್ಪ ಎದ್ದು ನಿಂತ.

“ನಡಿಯವ್ವ. ಅವ್ರ ಮನ್ಸಲ್ಲಿ ಇರೋನು ನಾನಲ್ಲ. ಬಲವಂತ ಬ್ಯಾಡ.”

ಸಿಟ್ಟಿನಿಂದಲ್ಲ, ಮೆತ್ತಗೆ ಹೇಳಿದ. ಬಾಗಿಲು ದಾಟುವಾಗ ಒಂದು ಸಲ ತಿರುಗಿ ನೋಡಿದ. ಆ ನೋಟದಲ್ಲಿ ಏನಿತ್ತು ಎಂಬುದು ರಂಗಲಕ್ಷ್ಮಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಅವಳು ಸ್ಲೇಟು ಹುಡುಕಲು ಒಳಗೆ ಓಡಿದಳು. ಬಳಪ ಸಿಗುವಷ್ಟರಲ್ಲಿ ಅವರು ಬೀದಿ ತಿರುಗಿ ಹೋಗಿದ್ದರು.

ಆಮೇಲಿನ ಮೂರು ದಿನ ಅವಳ ತಲೆಯೊಳಗೆ ನಡೆದದ್ದನ್ನು ಕ್ರಮವಾಗಿ ಹೇಳುವುದು ನನ್ನಿಂದ ಸಾಧ್ಯವಿಲ್ಲ. ಅವಳಿಗೇ ಸಾಧ್ಯವಿರಲಿಲ್ಲ.

‘ಇಷ್ಟವಿದ್ದಿದ್ದರೆ ಇನ್ನೊಂದು ಮಾತು ಕೇಳುತ್ತಿದ್ದನಲ್ಲ? ಅಷ್ಟು ಬೇಗ ಎದ್ದದ್ದು ಯಾಕೆ? ನೆಪ ಸಿಕ್ಕಿತು ಎಂದು ಎದ್ದನೋ... ನನ್ನ ಕಣ್ಣೀರು ನೋಡಲಾರದೆ ಎದ್ದನೋ? ಬೇಡವಾಗಿದ್ದರೆ ತಿರುಗಿ ನೋಡಿದ್ದು ಯಾಕೆ?’

ಒಂದು ಗಳಿಗೆ ಅವನ ಮೇಲೆ ಸಿಟ್ಟು. ಮರುಗಳಿಗೆ ಅಮ್ಮನ ಮೇಲೆ. ಅದರ ಹಿಂದೆಯೇ ತನ್ನ ಮೇಲೆ. ಒಟ್ಟು ಅರ್ಧ ಗಂಟೆ ನೋಡಿದ ಗಂಡಸಿಗಾಗಿ ಹೀಗೆ ಒದ್ದಾಡುವುದು ಪ್ರೀತಿಯೋ, ಮೈಯಲ್ಲಿ ಉಳಿದ ಜ್ವರವೋ ಎಂದು ಹಣೆ ಮುಟ್ಟಿ ನೋಡಿಕೊಂಡಳು. ಹಣೆ ತಣ್ಣಗಿತ್ತು.

ಕಾಗದ ಬರೆಯಲು ಕೂತಳು. ‘ಶ್ರೀಯುತ ಉಜ್ಜಿನಪ್ಪನವರಿಗೆ’ ಎಂದರೆ ಸರ್ಕಾರಿ ಅರ್ಜಿಯಂತಾಯಿತು. ಬರೀ ಹೆಸರು ಬರೆದರೆ ಸಲಿಗೆ ಜಾಸ್ತಿಯಾಯಿತು. ಬರೆದ ನಾಲ್ಕನ್ನೂ ಹರಿದು ಒಲೆಗೆ ಹಾಕಿದಳು. ಚಿನ್ನಕ್ಕ ಮಗಳ ಮುಖ ನೋಡಲಾರದೆ ಗಂಜಿ ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದಳು.

ಸೋಮವಾರ ಕೇಶವಯ್ಯ ಬಂದ. ಹುಡುಗಿಯನ್ನು ಯಾರೂ ಬಯ್ಯಬೇಡಿ, ಅವಳು ಮನಸ್ಸಿಟ್ಟವನಿಗೇ ಕೊಟ್ಟು ಮಾಡಿ ಎಂದು ಉಜ್ಜಿನಪ್ಪ ಹೇಳಿ ಕಳಿಸಿದ್ದನಂತೆ. ಅವರು ಬುಧವಾರ ರೊದ್ದಂನಲ್ಲಿ ಬೇರೆ ಹೆಣ್ಣು ನೋಡಲು ಹೋಗುತ್ತಾರೆ ಎಂಬುದನ್ನೂ ಎಲೆ ಅಡಿಕೆ ಅಗಿಯುತ್ತಲೇ ತಿಳಿಸಿದ.

‘ಮನಸ್ಸಿಟ್ಟವನಿಗೇ ಕೊಡಬೇಕಂತೆ! ಆ ಮನಸ್ಸಿಟ್ಟವನು ತಾನೇ ಎಂದು ಈ ಮಹಾರಾಯನಿಗೆ ಯಾರು ಹೇಳಬೇಕು?’

ಕೇಶವಯ್ಯನ ಕೈಲೇ ನಿಜ ಹೇಳಿಸೋಣವೆಂದು ತಂದೆ ಜಯರಾಮಪ್ಪ ಬಾಯಿ ತೆಗೆದ. ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸ ಮಾಡುವ, ಮನೆಯಲ್ಲಿ ಹೆಚ್ಚು ಮಾತಾಡದ ಮನುಷ್ಯ ಅವನು. ರಂಗಲಕ್ಷ್ಮಿ ಅಪ್ಪನ ತೋಳು ಹಿಡಿದು ತಡೆದಳು. ಕೇಶವಯ್ಯ ಹೋದ ಮೇಲೆ ಸ್ಲೇಟಿನ ಮೇಲೆ ಬರೆದಳು: ‘ನಾಳೆ ಡಾಕ್ಟರ ಹತ್ತಿರ ಹೋಗಬೇಕಲ್ಲ. ಅಲ್ಲಿಂದ ಕಲ್ಯಾಣದುರ್ಗಕ್ಕೆ.’

ಜಯರಾಮಪ್ಪ ಅದನ್ನು ಎರಡು ಸಲ ಓದಿದ. ಹೆಣ್ಣಿನ ಕಡೆಯವರು ತಾವಾಗಿ ಗಂಡಿನ ಊರಿಗೆ ಹೋಗುವುದು, ಅದೂ ಹುಡುಗಿಯನ್ನು ಕರೆದುಕೊಂಡು! ಹೆಂಡತಿಯ ಕಡೆ ನೋಡಿದ. ಸೊಸೆಯಾಗಿ ಬಾಳಬೇಕಾದವಳ ಬಾಳನ್ನು ತನ್ನ ಬಾಯಿಯೇ ಕೆಡಿಸಿತಲ್ಲ ಎಂದು ಕುಗ್ಗಿದ್ದ ಚಿನ್ನಕ್ಕ ಈ ಸಲ ತಡೆಯಲಿಲ್ಲ. ಮಗಳಿಗೆ ಇದ್ದ ಒಂದೇ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿಟ್ಟಳು.

ಮಂಗಳವಾರ ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ಗಾಯ ಮಾಯುತ್ತಿದೆ, ಸ್ವಲ್ಪ ಸ್ವಲ್ಪ ಮಾತಾಡಬಹುದು ಎಂದರು. ಹೆಸರು ಹೇಳು ಎಂದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ನೋವೇ ಎಂದು ಕೇಳಿದರು. ಅದಕ್ಕೂ ತಲೆಯಾಡಿಸಿದಳು. ಹತ್ತು ದಿನ ಕೂಡಿಟ್ಟ ಮಾತು, ಮೊದಲನೆಯದನ್ನು ಡಾಕ್ಟರಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಬಸ್ಸು ರೊದ್ದಂನಲ್ಲಿ ಹತ್ತು ನಿಮಿಷ ನಿಂತಿತು. ನಿಲ್ದಾಣದಲ್ಲಿ ಎರಡು ಜಡೆ ಹಾಕಿಕೊಂಡ ಹುಡುಗಿಯೊಬ್ಬಳು ಕನಕಾಂಬರ ಕೊಳ್ಳುತ್ತಿದ್ದಳು. ‘ನಾಳೆಗೋಸ್ಕರವೇ ಕೊಳ್ಳುತ್ತಿದ್ದಾಳಾ? ಇವಳೇ ಇರಬಹುದಾ?’ ಹುಡುಗಿ ಚೆನ್ನಾಗಿದ್ದಳು. ಇವಳ ಸಂತೋಷ ಕೆಡಿಸಲು ನಾನು ಹೊರಟಿದ್ದೇನೆಯೇ? ಅಥವಾ ಅವನು ಈಗಾಗಲೇ ನನ್ನನ್ನು ಮರೆತು, ಯಾರಮ್ಮ ನೀನು ಎಂದು ಕೇಳಿದರೆ? ಇಳಿದು ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಅಪ್ಪ ಪಕ್ಕದಲ್ಲಿ ನಿದ್ದೆ ಹೋಗಿದ್ದ. ಎಬ್ಬಿಸಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತು.

ಕಲ್ಯಾಣದುರ್ಗದಲ್ಲಿ ಉಜ್ಜಿನಪ್ಪನದು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ. ಸುಟ್ಟ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಜಯರಾಮಪ್ಪ ಅಂಗಡಿ ತೋರಿಸಿ, ತಾನು ಎದುರಿನ ಬೇವಿನ ಮರದ ಕೆಳಗೆ ನಿಂತ. ಮಗಳನ್ನು ಮುಂದೆ ಹೋಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಉಜ್ಜಿನಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತು ತಂತಿ ಸುತ್ತುತ್ತಿದ್ದ. ಯಾರೋ ಬಂದದ್ದು ತಿಳಿದು, ತಿರುಗದೆಯೇ ಎಡಗೈ ಎತ್ತಿ ತಡೆದ.

“ಎಂಬತ್ತೇಳು... ಎಂಬತ್ತೆಂಟು...”

ಸುತ್ತು ತಪ್ಪಿದರೆ ಮೋಟರ್ ಕೆಟ್ಟಂತೆ, ಅವನು ಎಣಿಸಲೇಬೇಕು. ಅವಳು ಕಾದಳು. ಹತ್ತು ದಿನ ಕಾದವಳಿಗೆ ಈ ಎಣಿಕೆ ಮುಗಿಯುವುದೇ ಇಲ್ಲ ಅನ್ನಿಸಿತು.

“ರೀ...”

ಆ ದನಿ ಕೇಳಿ ಅವಳೇ ಬೆಚ್ಚಿಬಿದ್ದಳು. ಒಡೆದ, ಗೊಗ್ಗರು ದನಿ. ಇದು ನನ್ನದೇ?

ಉಜ್ಜಿನಪ್ಪ ತಿರುಗಿದ. ಎತ್ತಿದ ಕೈ ಹಾಗೆಯೇ ನಿಂತಿತು. ತಂತಿಯ ಉರುಳೆ ತೊಡೆಯಿಂದ ಜಾರಿ ನೆಲಕ್ಕೆ ಬಿದ್ದು, ಸುತ್ತಿದ್ದೆಲ್ಲ ಬಿಚ್ಚಿಕೊಂಡಿತು. ಅವನು ಅದನ್ನು ನೋಡಲೂ ಇಲ್ಲ.

“ನೀವು... ಇಲ್ಲಿ?” ಅವನ ಗೊಂದಲ ಅವಳದಕ್ಕಿಂತ ಕಡಿಮೆಯೇನೂ ಇರಲಿಲ್ಲ. “ಹರಕೆ ತೀರ್ತಾ? ಅವ್ರು... ಒಪ್ಕಂಡ್ರಾ?”

“ಯಾರು?”

“ನೀವು ಹರಕೆ ಹೊತ್ತಿದ್ರಲ್ಲ, ಅವ್ರು.”

“ನಾನು ಯಾರಿಗೂ ಹರಕೆ ಹೊತ್ತಿಲ್ಲ.” ಅವಳು ನಿಂತು, ಎಂಜಲು ನುಂಗಿ, ನೋವಿಗೆ ಕಣ್ಣು ಮುಚ್ಚಿ ತೆರೆದಳು. “ಗಂಟ್ಲಲ್ಲಿ ಆಪರೇಷನ್ ಆಗಿತ್ತು. ನೀವು ಬಂದಾಗ ಆರು ದಿನ. ಕೊಬ್ಬರಿ ತಿಂದಿದ್ರೆ ರಕ್ತ ಬತ್ತಿತ್ತು. ಅವ್ವಂಗೆ ಭಯ ಆಯ್ತು, ಹರಕೆ ಅಂದ್ಬುಟ್ಳು. ತೆಪ್ಪು ನಮ್ದು.”

ಉಜ್ಜಿನಪ್ಪ ಬಿದ್ದ ಉರುಳೆಯನ್ನು ಎತ್ತಿ ಪಕ್ಕಕ್ಕಿಟ್ಟ. ಸುಳ್ಳು ಹೇಳಿದ ಮನೆ ಎಂದು ತಿರಸ್ಕರಿಸುತ್ತಾನೆಯೇ? ಗಾಯದ ಗಂಟಲಿನ ಹುಡುಗಿ ಬೇಡ ಎನ್ನುತ್ತಾನೆಯೇ? ಅವನ ಮುಖದಿಂದ ಏನೂ ತಿಳಿಯಲೊಲ್ಲದು.

ಅವನು ಎದ್ದು ಸ್ಟೂಲಿನ ಮೇಲಿದ್ದ ಸಾಮಾನು ಸರಿಸಿ, ಪಂಚೆಯ ತುದಿಯಿಂದ ಒರೆಸಿ, ಅವಳನ್ನು ಕೂರಿಸಿದ. ಮೂಲೆಯ ಮಣ್ಣಿನ ಕೊಡದಿಂದ ನೀರು ಬಗ್ಗಿಸಿ ಕೊಟ್ಟ. ಅವಳು ಒಂದೊಂದೇ ಗುಟುಕು ಕುಡಿಯುವಾಗ ಮುಖ ಕಿವುಚಿದ್ದು ಕಂಡು ಅವನ ಮುಖವೂ ಕಿವುಚಿತು.

“ಇಷ್ಟು ನೋವು ಇಟ್ಕಂಡು ಬಸ್ಸಲ್ಲಿ ಬಂದ್ರಾ? ಕೇಶವಯ್ಯನ ಕೈಲಿ ಹೇಳಿ ಕಳಿಸಿದ್ರೆ ಆಗ್ತಿರ್ಲಿಲ್ವಾ?”

“ಬ್ಯಾರೇವ್ರ ಬಾಯಲ್ಲಿ ಒಂದ್ಸಲ ಹೇಳ್ಸಿ ಸಾಕಾಗೈತೆ.”

ಅವನ ತುಟಿಯಲ್ಲಿ ನಗು ಬಂತು, ಹೋಯಿತು. ನೆಲ ನೋಡಿಕೊಂಡು ಹೇಳಿದ.

“ಆವತ್ತು ಅಲ್ಲಿಂದ ಎದ್ದು ಬರಬಾರ್ದಿತ್ತು ನಾನು. ಇನ್ನೊಂದು ನಿಮಿಷ ಕೂತಿದ್ರೆ ಅಳ್ತಿದ್ದೆ. ಅದ್ಕೇ ಎದ್ದೆ. ಹಂಗಾದ್ರೆ ಈಗ ನಿಮ್ಮ ಬಾಯಿಂದ್ಲೇ ಕೇಳ್ತೀನಿ. ನಾನು... ನಿಮ್ಗೆ ಒಪ್ಪಿಗೆನಾ?”

ಊರಿನ ಹೆಂಗಸರನ್ನೆಲ್ಲ ಮಾತಿನಲ್ಲೇ ಕಟ್ಟಿಹಾಕುತ್ತಿದ್ದ ರಂಗಲಕ್ಷ್ಮಿಗೆ ಈಗ ಒಂದೇ ಮಾತು ಸಾಕಾಯಿತು.

“ಒಪ್ಪಿಗೆ” ಎಂದಳು. ಆ ಗೊಗ್ಗರು ದನಿಯಲ್ಲಿ, ಆದರೆ ಮರದ ಕೆಳಗಿದ್ದ ಜಯರಾಮಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ. ಅವನು ಆಚೆ ತಿರುಗಿ ಟವಲಿನಿಂದ ಮುಖ ಒರೆಸಿಕೊಂಡ.

ಉಜ್ಜಿನಪ್ಪ ಕಣ್ಣು ತುಂಬಿ ನಕ್ಕ. ಅವಳಿಗೆ ಇನ್ನೊಂದೇ ಒಂದು ಅನುಮಾನ ಉಳಿದಿತ್ತು.

“ನಾಳೆ ರೊದ್ದಂಗೆ ಹೋಯ್ತೀರಾ?”

“ಹೋಯ್ತೀನಿ” ಎಂದ ಅವನು.

ಅವಳು ಕುಡಿಯುವುದನ್ನು ನಿಲ್ಲಿಸಿದಳು. ಮತ್ತೆ ಏನಿದು? ಈಗಷ್ಟೇ ನಕ್ಕವನು... ಯಾವುದನ್ನು ನಂಬಲಿ?

ಅವನು ಲೋಟವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

“ಹೆಣ್ಣು ನೋಡಕ್ಕಲ್ಲ. ಬರಲ್ಲ ಅಂತ ಹೇಳಕ್ಕೆ. ಪಾಪ, ಆ ಹುಡ್ಗಿನೂ ಯಾಕೆ ಅಂತ ತಿಳೀದೆ ಒದ್ದಾಡ್ಬಾರ್ದಲ್ಲ. ನಾನೇ ಹೋಗಿ, ನನ್ನ ಬಾಯಲ್ಲೇ ಹೇಳಿ ಬತ್ತೀನಿ.”

ರಂಗಲಕ್ಷ್ಮಿ ತಲೆಯೆತ್ತಿ ಅವನನ್ನು ನೋಡಿದಳು. ಹಿಂದೂಪುರದಿಂದ ಇಷ್ಟು ದೂರ ಬಂದದ್ದು ಯಾರಿಗಾಗಿ ಎಂಬುದು ಅವಳಿಗೆ ಆಗ ಪೂರ್ತಿಯಾಗಿ ತಿಳಿಯಿತು.

“ನಿಮ್ಮವ್ವಂಗೆ?” ಎಂದು ಕೇಳಿದಳು.

“ಅವ್ವಂಗೆ ನೀನೇ ಹೇಳು. ಮನೆ ಇಲ್ಲೇ ಹಿಂದುಗಡೆ. ಗಂಟ್ಲು ನೋಯ್ತದೆ ಅಂದ್ರೆ ನಿಧಾನಕ್ಕೆ ಹೇಳು, ಸಂಜೆಗಂಟ ಟೈಮ್ ಐತೆ.”

‘ನೀವು’ ಹೋಗಿ ‘ನೀನು’ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು. ಅವಳು ಎದ್ದು ಸೆರಗು ಸರಿಮಾಡಿಕೊಂಡು ಅವನ ಹಿಂದೆ ನಡೆದಳು.