ಸದ್ದು ಮಾಡದ ಹಿಮ

"ನಾನು ಮೋಸ ಮಾಡಿಲ್ಲ ಅಂತ ನೀವಾದ್ರೂ ತೋರಿಸಿಕೊಡಿ ಮೇಡಂ," ಎಂದು ಆಕೆ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು.

ನನ್ನ ಸೋದರತ್ತೆ ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೂ ಇಂಥವರು ಮನೆ ಹುಡುಕಿಕೊಂಡು ಬರುವುದು ನಿಂತಿರಲಿಲ್ಲ. ಅವಳ ಕಾರು ಓಡಿಸುವುದು, ಅವಳಿಂದ ಬೈಸಿಕೊಳ್ಳುವುದು ಎರಡೂ ನನ್ನ ಪಾಲಿನ ಕೆಲಸ.

ಬಂದವಳು ಹಿಮ ಸಂಶೋಧನಾಲಯದ ವಿಜ್ಞಾನಿ. ಧ್ರುವದ ಹಿಮವನ್ನು ಕೊರೆದು ತೆಗೆದ ಕಂಬಗಳಲ್ಲಿ ವರ್ಷಕ್ಕೊಂದು ಪದರ ಕೂತಿರುತ್ತದಂತೆ. ಹನ್ನೆರಡು ಸಾವಿರ ವರ್ಷಗಳಿಗೂ ಹಿಂದೆ, ಬೆಚ್ಚಗಾಗುತ್ತಿದ್ದ ಭೂಮಿ ಇದ್ದಕ್ಕಿದ್ದಂತೆ ಮತ್ತೆ ಚಳಿಗೆ ಬಿದ್ದ ಕಾಲದ ಪದರದಲ್ಲಿ ಆಕೆಗೆ ಪ್ಲಾಟಿನಂ ಧೂಳು ಸಿಕ್ಕಿತ್ತು. ಆಕಾಶದಿಂದ ಏನೋ ಬಂದು ಅಪ್ಪಳಿಸಿದ ಗುರುತು ಅದು ಎಂಬುದು ಆಕೆಯ ವಾದ. ಆದರೆ ಕಂಬದ ಅದೇ ತುಂಡಿನ, ಕಾದಿಟ್ಟಿದ್ದ ಇನ್ನರ್ಧವನ್ನು ಸಹೋದ್ಯೋಗಿ ಅಳೆದಾಗ ಲೋಹದ ಸುಳಿವೇ ಇರಲಿಲ್ಲ.

"ನಾನೇ ಧೂಳು ಬೆರೆಸಿದೆ ಅಂತಿದಾರೆ. ಕೆಲಸ ಹೋಗತ್ತೆ, ಹೆಸರೂ ಹೋಗತ್ತೆ. ನನ್ನ ಸಾಕಿದ ದೊಡ್ಡಪ್ಪನೇ ಅಲ್ಲಿ ಮುಖ್ಯಸ್ಥರು. ಅವರು ನನ್ನ ಮುಖ ನೋಡಿ ಮಾತಾಡ್ತಿಲ್ಲ."

ಸಹೋದ್ಯೋಗಿಯದೇ ಕೈವಾಡ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಅತ್ತೆ ಹಾಗೆಲ್ಲ ಅವಸರ ಮಾಡುವವಳಲ್ಲ.

ಸಂಶೋಧನಾಲಯದ ಶೀತಲಕೋಣೆಯಲ್ಲಿ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಮೂರು ಕೋಟು ಹೊದ್ದ ಉಸ್ತುವಾರಿಯವನನ್ನು ಎಲ್ಲರೂ 'ಕಂಬಳಿ' ಎಂದೇ ಕರೆಯುತ್ತಿದ್ದರು. ಬೀಗದ ಕೈ ಇದ್ದದ್ದು ಅವನಲ್ಲಿ, ಸಹೋದ್ಯೋಗಿಯಲ್ಲಿ, ದೊಡ್ಡಪ್ಪನಲ್ಲಿ ಮತ್ತು ಆಕೆಯಲ್ಲಿ. ಪ್ರತಿ ತುಂಡಿನ ಪ್ಲಾಸ್ಟಿಕ್ ಚೀಲದ ಎರಡು ತುದಿಗೂ ಆಳದ ಅಂಕಿ, ನಡುವೆ ಒಂದು ಬಾಣ.

"ಬಾಣ ಯಾವಾಗ್ಲೂ ಮೇಲ್ಮೈ ಕಡೆಗೇ ಇರಬೇಕು ಅಮ್ಮಾ," ಎಂದ ಕಂಬಳಿ.

ಸಹೋದ್ಯೋಗಿ ಅಳೆದಿದ್ದ, ತಕರಾರಿನ ತುಂಡಿನ ಬಾಣ ಮಾತ್ರ ಆಳದ ಕಡೆಗಿತ್ತು. ಕೊನೆಯ ಕಪಾಟಿನ ಹಳೆಯ ಪೆಟ್ಟಿಗೆಗಳಲ್ಲೂ ಬಾಣಗಳೆಲ್ಲ ಆಳದ ಕಡೆಗೇ ಇದ್ದವು.

"ಅವು ದೊಡ್ಡ ಸಾಹೇಬ್ರು ಹರೆಯದಲ್ಲಿ ತಂದಿದ್ದು. ಆಗ ಕೊರೆಯೋ ದಿಕ್ಕಿಗೆ ಬಾಣ ಹಾಕ್ತಿದ್ರಂತೆ."

ಅತ್ತೆ ತಕರಾರಿನ ತುಂಡಿನಿಂದ ಒಂದು ಚೂರು ಕೇಳಿ ಪಡೆದು, ಹೊರಗೆ ಬಂದು ನೀರಿನ ಲೋಟಕ್ಕೆ ಹಾಕಿ ಕಿವಿಯಿಟ್ಟಳು. ಆಮೇಲೆ ನನ್ನನ್ನು ಕಾರಿಗೆ ಅಟ್ಟಿ, ತಾನು ಕಂಬಳಿಯ ಜೊತೆ ಮತ್ತೆ ಒಳಗೆ ಹೋದಳು.

ಎರಡು ದಿನ ಬಿಟ್ಟು ಎಲ್ಲರನ್ನೂ ಸಂಶೋಧನಾಲಯದಲ್ಲಿ ಕೂರಿಸಿದಳು. ಮೇಜಿನ ಮೇಲೆ ಎರಡು ಲೋಟ ನೀರು.

"ಹಿಮ ಬಿದ್ದು ಬಿದ್ದು ಗಟ್ಟಿಯಾಗೋವಾಗ ಅವತ್ತಿನ ಗಾಳಿ ಒಳಗೇ ಸಿಕ್ಕಿಕೊಳ್ಳತ್ತೆ. ನೀರಿಗೆ ಹಾಕಿದ್ರೆ ಅದು ಸಿಡಿಯತ್ತೆ," ಎಂದು ಒಂದು ಚೂರು ಹಾಕಿದಳು. ಸದ್ದಿಲ್ಲ. ಸಹೋದ್ಯೋಗಿಯ ಕಡೆ ತಿರುಗಿದಳು. "ಇದು ನೀವು ಅಳೆದದ್ದು. ನಲ್ಲಿ ನೀರನ್ನ ಅಚ್ಚಿಗೆ ಹುಯ್ದು ಹೆಪ್ಪುಗಟ್ಟಿಸಿದ್ದು. ನಿಜವಾದ್ದನ್ನ ಯಾರೋ ಬದಲಾಯಿಸಿದಾರೆ. ಚೀಲವನ್ನೂ ಹೊಸದಾಗಿ ಬರೆದಿದಾರೆ, ಆದ್ರೆ ಬಾಣ ಎಳೆಯೋವಾಗ ಕೈ ಹಳೇ ಅಭ್ಯಾಸ ಬಿಡಲಿಲ್ಲ. ಹಾಗೆ ಎಳೆಯೋರು ಇಲ್ಲಿ ಒಬ್ಬರೇ. ಅದಕ್ಕೇ ಅವರ ಹಳೇ ಪೆಟ್ಟಿಗೆ ತೆಗೆಸಿದೆ. ನಿಜವಾದ ಅರ್ಧ ಅಲ್ಲೇ ಇತ್ತು."

"ಆ ನಿಜವಾದ ಅರ್ಧವನ್ನ ನಿನ್ನೆ ನಾನೇ ಅಳೆದೆ. ಲೋಹ ಇದೆ," ಎಂದ ಸಹೋದ್ಯೋಗಿ, ತಲೆ ತಗ್ಗಿಸಿ. ಅವನನ್ನು ಸುಮ್ಮನೆ ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ದೊಡ್ಡಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಚಳಿ ಬಂದದ್ದು ಸಮುದ್ರದ ಪ್ರವಾಹದಿಂದ, ಬೇರೆ ಯಾವುದರಿಂದಲೂ ಅಲ್ಲ ಅಂತ ಜೀವಮಾನವೆಲ್ಲ ಪಾಠ ಹೇಳಿದೆ. ಇವಳ ಒಂದು ತುಂಡು ಅದನ್ನೆಲ್ಲ ನೀರಿಗೆ ಹಾಕ್ತಿತ್ತು."

"ಕರಗಿಸಿಬಿಟ್ಟಿದ್ರೆ ನಿಮ್ಮನ್ನ ಹಿಡಿಯೋದು ಕಷ್ಟವಾಗ್ತಿತ್ತು," ಎಂದಳು ಅತ್ತೆ.

"ಅಷ್ಟು ಹಳೇ ಹಿಮ. ಕರಗಿಸೋಕೆ ಮನಸ್ಸು ಬರಲಿಲ್ಲ."

ವಿಜ್ಞಾನಿ ಎದ್ದು ನಿಂತಳು. "ನನ್ನನ್ನ ಹಾಳು ಮಾಡೋಕೆ ಮನಸ್ಸು ಬಂತಲ್ಲ ದೊಡ್ಡಪ್ಪಾ?"

ಅವರು ಮೇಜಿನ ಮೇಲಿನ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅತ್ತೆ ನಿಜವಾದ ಹಿಮದ ಚೂರನ್ನು ಎರಡನೆಯ ಲೋಟಕ್ಕೆ ಹಾಕಿದಳು. ಅದು ಚಟಪಟ ಸಿಡಿಯುತ್ತಿತ್ತು, ಪೂರ್ತಿ ಕರಗುವವರೆಗೂ ನಾವೆಲ್ಲ ಕೇಳುತ್ತ ಕೂತೆವು.